ಏನೂ ಕೆಟ್ಟಿರಲಿಲ್ಲ, ಫ್ಯೂಸ್ ಮಾತ್ರ ಎಗರುತ್ತಿತ್ತು

ಫ್ಯೂಸ್ ಸುಟ್ಟುಕೊಂಡು ಬಂದ ಪೆಟ್ಟಿಗೆ ಎಂದರೆ ರಿಪೇರಿ ಅಂಗಡಿಯವರಿಗೆ ಒಳಗೊಳಗೇ ಖುಷಿ. ಎಲ್ಲೋ ಶಾರ್ಟ್ ಆಗಿದೆ ಎಂದು ಅದೇ ಬಾಯಿಬಿಟ್ಟ ಹಾಗೆ. ಮೀಟರ್ ಹಚ್ಚಿ ನೋಡಿದರೆ ಬ್ರಿಡ್ಜ್ ರೆಕ್ಟಿಫೈಯರೋ ಔಟ್‌ಪುಟ್ ಟ್ರಾನ್ಸಿಸ್ಟರೋ ಸಿಕ್ಕಿಬೀಳುತ್ತದೆ. ಕಿತ್ತು ಹೊಸದು ಹಾಕಿ ಸಂಜೆಯೊಳಗೆ ಕಳಿಸಬಹುದು. ತಲೆನೋವಿನ ಜಾತಿ ಬೇರೆಯೇ ಇದೆ. ಹಾಕಿದರೆ ಹಾಡುತ್ತದೆ, ಬಿಚ್ಚಿ ನೋಡಿದರೆ ಎಲ್ಲವೂ ಸರಿ ಇದೆ, ಆದರೆ ಯಾವುದೋ ಒಂದು ಸಲ ಸ್ವಿಚ್ ಒತ್ತಿದ ಕೂಡಲೇ ಫ್ಯೂಸ್ ಹೋಗುತ್ತದೆ. ಹೊಸ ಫ್ಯೂಸ್ ಹಾಕಿದರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಹಾಡುತ್ತದೆ.

ಬೆಂಗಳೂರಿನ ದೀಪಾಂಜಲಿ ನಗರದ ಒಂದು ಪುಟ್ಟ ಅಂಗಡಿಗೆ ಹೀಗೆ ಬಂದದ್ದು ಬೀದಿಯ ಕನ್ನಡ ಸಂಘದ ಆಂಪ್ಲಿಫೈಯರ್. ಕಂಪನಿಯ ಹೆಸರಿಲ್ಲದ ಅಸೆಂಬಲ್ಡ್ ಸೆಟ್. ಗಣಪತಿ ಹಬ್ಬ, ರಾಜ್ಯೋತ್ಸವ, ನಡುವೆ ಯಾರದಾದರೂ ಮನೆಯ ನಾಮಕರಣ ಎಂದು ವರ್ಷವಿಡೀ ದುಡಿದ ಪೆಟ್ಟಿಗೆ. ಒಬ್ಬರೇ ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಆ ಭಾರದಲ್ಲಿ ಮುಕ್ಕಾಲು ಪಾಲು ಒಳಗಿನ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರಿನದು. ಉದ್ದಿನ ವಡೆಯ ಆಕಾರದ, ಸುಮಾರು 500 ವಿಎ ಸಾಮರ್ಥ್ಯದ ತಾಮ್ರ-ಕಬ್ಬಿಣದ ಗಟ್ಟಿ ಉಂಗುರ ಅದು. ರಾಜ್ಯೋತ್ಸವಕ್ಕೆ ದಿನ ಹತ್ತಿರವಾಗಿತ್ತು, ಆರ್ಕೆಸ್ಟ್ರಾದವರಿಗೆ ಅಡ್ವಾನ್ಸ್ ಕೊಟ್ಟಾಗಿತ್ತು. ಸಂಘದ ಹುಡುಗರು ಅಂಗಡಿ ಬಾಗಿಲಲ್ಲೇ ಬೀಡುಬಿಟ್ಟಿದ್ದರು. ಸಂಜೆಯ ಹೊತ್ತು ಅಲ್ಲಿ ಹೋಗಿ ಕೂರುವ ಅಭ್ಯಾಸವಿದ್ದ ನನಗೆ ಈ ಪತ್ತೇದಾರಿಯನ್ನು ಪಕ್ಕದಲ್ಲೇ ಕೂತು ನೋಡುವ ಯೋಗ ಸಿಕ್ಕಿತು.

ಅಂಗಡಿಯವರು ಮೊದಲು ನೋಡಿದ್ದು ಸತ್ತ ಫ್ಯೂಸನ್ನು. ಒಳ್ಳೆಯ ಮೆಕ್ಯಾನಿಕ್ ಅದನ್ನು ಬಿಸಾಡುವುದಿಲ್ಲ. ಗಾಜಿನ ಕೊಳವೆ ಒಳಗಿನಿಂದ ಕಪ್ಪಗೆ, ಕನ್ನಡಿಯಂತೆ ಬೆಳ್ಳಿಬಣ್ಣಕ್ಕೆ ತಿರುಗಿದ್ದರೆ ತಂತಿ ಕರಗಿದ್ದಲ್ಲ, ಆವಿಯಾಗಿ ಹೋಗಿದೆ ಎಂದರ್ಥ; ಅಷ್ಟು ಭಾರಿ ಕರೆಂಟ್ ಒಂದೇ ಏಟಿಗೆ ಹರಿದಿದೆ. ಗಾಜು ಸ್ವಚ್ಛವಾಗಿದ್ದು ತಂತಿ ನಡುವೆ ಮಾತ್ರ ತುಂಡಾಗಿದ್ದರೆ ಮಿತಿಗಿಂತ ಸ್ವಲ್ಪ ಹೆಚ್ಚಿನ ಕರೆಂಟ್ ನಿಧಾನವಾಗಿ ಕಾಯಿಸಿ ಕಡಿದಿದೆ. ಹುಡುಗರು ಒಂದು ಬೀಡಾ ಡಬ್ಬಿಯಲ್ಲಿ ತುಂಬಿ ತಂದಿದ್ದ ಸುಟ್ಟ ಫ್ಯೂಸುಗಳನ್ನು ಅವರು ಟ್ಯೂಬ್‌ಲೈಟಿಗೆ ಹಿಡಿದು ಒಂದೊಂದಾಗಿ ನೋಡಿದರು. ಎಲ್ಲದರ ಗಾಜೂ ಕಪ್ಪು. "ಇದು ಓವರ್‌ಲೋಡ್ ಅಲ್ಲ ಸಾರ್, ಡೆಡ್ ಶಾರ್ಟ್" ಎಂದು ನನಗೆ ಹೇಳಿ ಬೋರ್ಡ್ ಬಿಚ್ಚಿದರು.

ಶಾರ್ಟ್ ಸಿಗಲಿಲ್ಲ. ಬೆಂಗಳೂರಿನ ಯಾವ ಆಂಪ್ಲಿಫೈಯರ್ ಬಿಚ್ಚಿದರೂ ಸಿಗುವ ಸಿ5200-ಎ1943 ಟ್ರಾನ್ಸಿಸ್ಟರ್ ಜೋಡಿಗಳು ಒಂದೊಂದೂ ಸರಿಯಾಗಿದ್ದವು. ಬ್ರಿಡ್ಜ್ ಸರಿ. ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳ ತಲೆ ಉಬ್ಬಿರಲಿಲ್ಲ, ತಳ ಸೋರಿರಲಿಲ್ಲ. ಆಮೇಲೆ ಸೀರೀಸ್ ಬೋರ್ಡಿಗೆ ಹಾಕಿದರು.

ಈ ಸೀರೀಸ್ ಬೋರ್ಡ್ ನಮ್ಮ ರಿಪೇರಿ ಅಂಗಡಿಗಳ ಪುರಾತನ ಅಸ್ತ್ರ. ಒಂದು ಹೋಲ್ಡರಿನಲ್ಲಿ 100 ವಾಟ್‌ನ ಹಳೇ ಬಲ್ಬು, ಅದರ ಮೂಲಕವೇ ಕರೆಂಟು ರಿಪೇರಿಯ ಪೆಟ್ಟಿಗೆಗೆ ಹೋಗಬೇಕು. ಪೆಟ್ಟಿಗೆಯಲ್ಲಿ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಬೇರೇನೂ ಸುಡುವುದಿಲ್ಲ. ಎಲ್ಲ ಸರಿಯಿದ್ದರೆ ಒಮ್ಮೆ ಮಿಂಚಿ ಮಂಕಾಗುತ್ತದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ, ಹಾಗಾಗಿ ಈಗ ಸುಲಭಕ್ಕೆ ಸಿಗದ ಫಿಲಮೆಂಟ್ ಬಲ್ಬುಗಳನ್ನು ಈ ಕಸುಬಿನವರು ಚಿನ್ನದಂತೆ ಕೂಡಿಡುತ್ತಾರೆ. ಸಂಘದ ಆಂಪ್ಲಿಫೈಯರಿಗೆ ಬಲ್ಬು ಒಮ್ಮೆ ಮಿಂಚಿತು, ಮಂಕಾಯಿತು, ಸ್ಪೀಕರಿನಲ್ಲಿ ಹಾಡು ಬಂತು. ಎಷ್ಟು ಸಲ ಹಾಕಿ ತೆಗೆದರೂ ಅದೇ. ಪಾಸ್. ಹುಡುಗರು ಸಂಭ್ರಮದಿಂದ ಹೊತ್ತುಕೊಂಡು ಹೋದರು. ರಾತ್ರಿ ಸಮುದಾಯ ಭವನದಲ್ಲಿ ಪ್ಲಗ್ ಚುಚ್ಚಿ ಸ್ವಿಚ್ ಒತ್ತಿದರು, ಫ್ಯೂಸ್ ಢಮಾರ್. ಬೆಳಿಗ್ಗೆ ಪೆಟ್ಟಿಗೆ ಮತ್ತೆ ಅಂಗಡಿಯ ಮುಂದೆ.

ಅಷ್ಟರಲ್ಲಿ ಸಲಹೆಗಳು ಬರತೊಡಗಿದ್ದವು. 10 ಆಂಪಿಯರ್ ಫ್ಯೂಸ್ ಹಾಕಿ ಎಂದವರುಂಟು. ವೈರಿನ ಒಂದು ಎಳೆ ಕಿತ್ತು ಫ್ಯೂಸಿನ ಮೇಲೆ ಸುತ್ತಿಕೊಡುತ್ತೇನೆ, ಜನ್ಮದಲ್ಲಿ ಹೋಗುವುದಿಲ್ಲ ಎಂದವರೂ ಉಂಟು. ಪಿಂಗಾಣಿ ಕಿಟ್‌ಕ್ಯಾಟಿಗೆ ಫ್ಯೂಸ್ ಕಟ್ಟಿ ಬೆಳೆದ ನಾಡು ನಮ್ಮದು, ಇಂಥ ಧೈರ್ಯಕ್ಕೆ ಕೊರತೆಯಿಲ್ಲ. ಅಂಗಡಿಯವರು ಒಪ್ಪಲಿಲ್ಲ, ಅವರ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಅಲ್ಲಿಯೇ. ಎಳೆ ಸುತ್ತಿದ ಫ್ಯೂಸ್ ಹೋಗುವುದಿಲ್ಲ, ನಿಜ. ನಾಳೆ ನಿಜವಾಗಿಯೇ ಶಾರ್ಟ್ ಆದಾಗ ಫ್ಯೂಸಿನ ಬದಲು ಟ್ರಾನ್ಸ್‌ಫಾರ್ಮರ್ ಹೋಗುತ್ತದೆ, ಅದರ ಜೊತೆಗೆ ಶಾಮಿಯಾನಾವೂ ಹೋಗಬಹುದು.

ಅವರು ಮಾಡಿದ ಮುಂದಿನ ಕೆಲಸವೇ ಈ ಕತೆಯ ತಿರುವು. ಟ್ರಾನ್ಸ್‌ಫಾರ್ಮರಿನಿಂದ ಹೊರಟು ಬೋರ್ಡಿಗೆ ಹೋಗುವ ಎಲ್ಲ ತಂತಿಗಳನ್ನೂ ಬಿಚ್ಚಿದರು. ಈಗ ಫ್ಯೂಸಿನ ಮುಂದೆ ಉಳಿದದ್ದು ಬರೀ ಟ್ರಾನ್ಸ್‌ಫಾರ್ಮರ್, ಅದರ ತಲೆಯ ಮೇಲೆ ಯಾವ ಹೊರೆಯೂ ಇಲ್ಲ. ಬಲ್ಬು ಬಿಟ್ಟು ನೇರವಾಗಿ ಕರೆಂಟಿಗೆ ಕೊಟ್ಟು, ಸ್ವಿಚ್ ಹಾಕಿದರು, ತೆಗೆದರು, ಹಾಕಿದರು, ತೆಗೆದರು. ಮತ್ತೊಂದು ಸಲ ಹಾಕಿದಾಗ ಉಂಗುರ 'ಧೊಪ್' ಎಂದು ಗುದ್ದಿದ ಸದ್ದು, ಅಂಗಡಿಯ ಟ್ಯೂಬ್‌ಲೈಟ್ ಒಮ್ಮೆ ಕಣ್ಣು ಮಿಟುಕಿಸಿತು, ಫ್ಯೂಸ್ ಕಪ್ಪಾಯಿತು. ಯಾವ ಕೆಲಸವನ್ನೂ ಮಾಡದ ಟ್ರಾನ್ಸ್‌ಫಾರ್ಮರ್ ಫ್ಯೂಸ್ ತಿಂದಿತ್ತು.

ಹಾಗಾದರೆ ಸುತ್ತು ಒಳಗೆ ಸುಟ್ಟಿದೆ ಎನ್ನಬೇಕಲ್ಲ? ಅದೂ ಇಲ್ಲ. ಓಡುತ್ತಿರುವಾಗ ಅದು ಎಳೆಯುವ ಖಾಲಿ ಕರೆಂಟ್ ಕೆಲವೇ ಮಿಲಿಆಂಪಿಯರ್. ಗಂಟೆಗಟ್ಟಲೆ ಇಟ್ಟರೂ ಬಿಸಿಯಾಗಲಿಲ್ಲ. ಹೊರಮೈಗೆ ಲೀಕೇಜ್ ಇರಲಿಲ್ಲ. ಓಡಿಸಿದರೆ ಪರಮ ಸಾಧು, ಹಚ್ಚುವ ಕ್ಷಣದಲ್ಲಿ ಮಾತ್ರ ಯಾವಾಗಲೋ ಒಮ್ಮೆ ರಾಕ್ಷಸ.

ಇಲ್ಲಿ ದೀಪಾಂಜಲಿ ನಗರ ಎಂಬ ಊರು ಕೆಲಸಕ್ಕೆ ಬಂತು. ಮೈಸೂರು ರಸ್ತೆಯ ಈ ಪಟ್ಟಿಯಲ್ಲಿ ಬಿಎಚ್‌ಇಎಲ್‌ನ ಎಲೆಕ್ಟ್ರಾನಿಕ್ಸ್ ವಿಭಾಗವಿದೆ. 1933ರಲ್ಲಿ ಗವರ್ನಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿ ಎಂದು ಹುಟ್ಟಿ ಟ್ರಾನ್ಸ್‌ಫಾರ್ಮರ್ ಮಾಡಿಕೊಂಡು ಬಂದ ಕವಿಕಾ, ಅಂದರೆ ಕರ್ನಾಟಕ ವಿದ್ಯುತ್ ಕಾರ್ಖಾನೆ, ಅದೂ ಇದೇ ರಸ್ತೆಯದು. ಎರಡರ ವಿಳಾಸದಲ್ಲೂ ಪಿನ್‌ಕೋಡ್ 560026. 2015ರ ನವೆಂಬರಿನಲ್ಲಿ ಮೆಟ್ರೋ ಬಂದ ಮೇಲೆ ಸುತ್ತಮುತ್ತಲಿನವರಿಗೆ ದೀಪಾಂಜಲಿ ನಗರ ಎಂದರೆ ಒಂದು ಸ್ಟೇಷನ್ನಿನ ಹೆಸರು. ಹಳಬರಿಗೆ ಇದು ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುವ ಕಾಲದ ಬಡಾವಣೆ. ಟ್ರಾನ್ಸ್‌ಫಾರ್ಮರ್, ಮೀಟರ್, ಕಂಟ್ರೋಲ್ ಪ್ಯಾನೆಲ್ ಎಂದರೆ ಊಟ ಬಿಟ್ಟು ಮಾತಾಡುವ ನಿವೃತ್ತರು ಅಡ್ಡರಸ್ತೆಗೊಬ್ಬರು ಸಿಗುತ್ತಾರೆ. ಅಂಥ ಒಬ್ಬ ಹಿರಿಯರು, ಸರ್ವಿಸ್ ಪೂರ್ತಿ ಟ್ರಾನ್ಸ್‌ಫಾರ್ಮರ್ ಟೆಸ್ಟಿಂಗಿನಲ್ಲೇ ಕಳೆದವರು, ರೇಡಿಯೋಗೆ ಸೆಲ್ ತೆಗೆದುಕೊಳ್ಳಲು ಬಂದು ಆ 'ಧೊಪ್' ಕೇಳಿಸಿಕೊಂಡರು.

"ಏನಪ್ಪ ಅದು, ಇನ್ನೊಂದ್ಸಲ ಹಾಕು."

"ಫ್ಯೂಸ್ ಹೋಗುತ್ತೆ ಸಾರ್."

"ಹೋಗ್ಲಿ ಹಾಕಪ್ಪ. ಅದಕ್ಕೇ ಕೇಳಿದ್ದು."

ಅವರು ಮೊದಲು ಕೇಳಿದ ಪ್ರಶ್ನೆ, ಉಂಗುರದ ನಡುವಿನ ಬೋಲ್ಟ್ ಮೇಲಿನ ಮುಚ್ಚಳಕ್ಕೆ ತಾಗುತ್ತದೆಯೇ ಎಂಬುದು. ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್ ಬಲ್ಲವರು ಮಾತ್ರ ಕೇಳುವ ಪ್ರಶ್ನೆ ಅದು. ತಳದಲ್ಲಿ ಕೂತ ಬೋಲ್ಟ್ ಮೇಲೂ ತಗಡಿಗೆ ತಾಗಿದರೆ ಬೋಲ್ಟ್-ತಗಡು ಸೇರಿ ಒಂದು ಪೂರ್ತಿ ಸುತ್ತಾಗುತ್ತದೆ, ಆ ಸುತ್ತು ತಾನೇ ಶಾರ್ಟ್ ಆದ ಸೆಕೆಂಡರಿಯಂತೆ ಕರೆಂಟ್ ಎಳೆಯುತ್ತದೆ. ಇಲ್ಲಿ ಮುಚ್ಚಳವೇ ಇರಲಿಲ್ಲ, ಬೋಲ್ಟ್ ತಾಗುವ ಮಾತೂ ಇಲ್ಲ. ಆಮೇಲೆ ಅವರು ಉಂಗುರದ ಮೇಲೆ ಅಂಗೈಯಿಟ್ಟು ಸ್ವಿಚ್ ಹಾಕಿ ತೆಗೆಯಲು ಹೇಳಿದರು. ಒಂದು ಸಲ ನಿಶ್ಶಬ್ದ, ಒಂದು ಸಲ ಸಣ್ಣ ಗೊರಕೆ, ಒಂದು ಸಲ ಗುದ್ದು. "ಟ್ರಾನ್ಸ್‌ಫಾರ್ಮರ್ ಚೆನ್ನಾಗಿದೆ ಕಣಪ್ಪ. ನೀನು ಸ್ವಿಚ್ ಹಾಕೋ ಗಳಿಗೆ ಸರಿಯಿಲ್ಲ" ಎಂದರು. ಸಂಘದ ಹುಡುಗರು ಪಂಚಾಂಗ ನೋಡಬೇಕಾ ಎಂದು ನಕ್ಕರು. ಹಿರಿಯರು ಹೇಳಿದ ಗಳಿಗೆ ಸೆಕೆಂಡಿನ ನೂರನೇ ಒಂದು ಭಾಗದ್ದು.

ನಮ್ಮ ಮನೆಯ ಕರೆಂಟ್ ಸೆಕೆಂಡಿಗೆ 50 ಆವರ್ತ. ಒಂದು ಆವರ್ತಕ್ಕೆ 20 ಮಿಲಿಸೆಕೆಂಡ್. ಅದರಲ್ಲಿ 10 ಮಿಲಿಸೆಕೆಂಡ್ ವೋಲ್ಟೇಜ್ ಒಂದು ದಿಕ್ಕಿಗೆ, ಇನ್ನು 10 ಎದುರು ದಿಕ್ಕಿಗೆ. ಟ್ರಾನ್ಸ್‌ಫಾರ್ಮರಿನ ಕೋರ್‌ನಲ್ಲಿ ತುಂಬುವ ಕಾಂತ ಫ್ಲಕ್ಸನ್ನು ಮನೆಯ ಸಂಪಿನ ನೀರಿನ ಮಟ್ಟ ಎಂದುಕೊಳ್ಳಿ, ವೋಲ್ಟೇಜನ್ನು ನಲ್ಲಿ ಎಂದುಕೊಳ್ಳಿ. ನಲ್ಲಿ 10 ಮಿಲಿಸೆಕೆಂಡ್ ನೀರು ಬಿಡುತ್ತದೆ, ಮುಂದಿನ 10ರಲ್ಲಿ ಅಷ್ಟನ್ನೇ ಹೀರಿಕೊಳ್ಳುತ್ತದೆ. ವೋಲ್ಟೇಜ್ ತನ್ನ ತುದಿಯಲ್ಲಿದ್ದಾಗ ನೀವು ಸ್ವಿಚ್ ಹಾಕಿದರೆ ಅರ್ಧ ಸರದಿ ಆಗಲೇ ಮುಗಿದಿರುತ್ತದೆ, ಉಳಿದ 5 ಮಿಲಿಸೆಕೆಂಡಿನ ನೀರಷ್ಟೇ ಬಿದ್ದು ಮಟ್ಟ ಎಲ್ಲಿಗೆ ಬರಬೇಕೋ ಅಲ್ಲಿಗೆ ಬರುತ್ತದೆ. ವೋಲ್ಟೇಜ್ ಸೊನ್ನೆಯಲ್ಲಿದ್ದಾಗ ಹಾಕಿದಿರೋ, ಪೂರ್ತಿ 10 ಮಿಲಿಸೆಕೆಂಡ್ ನೀರು ಬೀಳುತ್ತದೆ, ಮಟ್ಟ ಎರಡರಷ್ಟಾಗುತ್ತದೆ. ಹಿಂದಿನ ಸಲ ಆರಿಸಿದಾಗ ಸಂಪಿನಲ್ಲಿ ಒಂದಿಷ್ಟು ಉಳಿದಿದ್ದರೆ ಅದೂ ಸೇರುತ್ತದೆ. ಸಂಪು ಅಷ್ಟು ದೊಡ್ಡದಿಲ್ಲ. ತುಂಬಿ ಚೆಲ್ಲುತ್ತದೆ.

ಕೋರ್ ಹೀಗೆ ತುಂಬಿ ತುಳುಕಿದ ಗಳಿಗೆಯಲ್ಲಿ ಸುರುಳಿಗೆ ಕರೆಂಟನ್ನು ತಡೆಯುವ ಶಕ್ತಿ ಬಹುಪಾಲು ಹೋಗಿ, ಅದು ಬರೀ ತಾಮ್ರದ ತಂತಿಯಾಗುತ್ತದೆ. ಈ ಉಂಗುರದ ಪ್ರೈಮರಿ ತಂತಿಯ ರೆಸಿಸ್ಟೆನ್ಸ್ ಅಂಗಡಿಯವರ ಮೀಟರಿನಲ್ಲಿ ಎರಡೂವರೆ ಓಮ್ ತೋರಿಸಿತ್ತು. 230 ವೋಲ್ಟಿನ ತುದಿ 325 ವೋಲ್ಟ್. ಭಾಗಿಸಿದರೆ 130 ಆಂಪಿಯರ್. ಅಷ್ಟು ನಿಜವಾಗಿ ಹರಿಯುವುದಿಲ್ಲ, ಅದು ಲೆಕ್ಕದ ಮೇಲ್ಮಿತಿ. ಅದರ ಅರ್ಧ ಹರಿದರೂ, ಪೂರ್ತಿ ದುಡಿಯುವಾಗ ಎರಡು ಆಂಪಿಯರ್ ಚಿಲ್ಲರೆ ಎಳೆಯುವ ಪೆಟ್ಟಿಗೆಗೆ ಅದು ಸಿಡಿಲೇ. ಕೆಲವು ಆವರ್ತಗಳಲ್ಲಿ ಈ ಅಬ್ಬರ ತಾನಾಗಿ ಇಳಿದು ಎಲ್ಲ ಸಮವಾಗುತ್ತದೆ, ಫ್ಯೂಸ್ ಬದುಕಿ ಉಳಿದಿದ್ದರೆ.

ಹಿರಿಯರು ಇದಕ್ಕೆ 'ಇನ್‌ರಶ್' ಎಂದರು. ಇದನ್ನು ಮೊದಲು ಗಮನಿಸಿ ಬರೆದಿಟ್ಟವರು ಜಾನ್ ಆಂಬ್ರೋಸ್ ಫ್ಲೆಮಿಂಗ್. ಎಡಗೈ-ಬಲಗೈ ನಿಯಮವೆಂದು ನಾವೆಲ್ಲ ಹೈಸ್ಕೂಲಿನಲ್ಲಿ ಬೆರಳು ತಿರುಚಿಕೊಂಡೆವಲ್ಲ, ಅದೇ ಫ್ಲೆಮಿಂಗ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರೊಫೆಸರ್. 1892ರಲ್ಲಿ ಅಲ್ಲಿನ ಎಲೆಕ್ಟ್ರಿಕಲ್ ಇಂಜಿನಿಯರುಗಳ ಸಂಸ್ಥೆಯ ಮುಂದೆ ಟ್ರಾನ್ಸ್‌ಫಾರ್ಮರುಗಳ ಮೇಲೆ ತಾವು ನಡೆಸಿದ ಪ್ರಯೋಗಗಳ ದೀರ್ಘ ಪ್ರಬಂಧ ಮಂಡಿಸಿದರು. ಟ್ರಾನ್ಸ್‌ಫಾರ್ಮರನ್ನು ಲೈನಿಗೆ ಸೇರಿಸಿದಾಗ ಕರೆಂಟ್ ಒಮ್ಮೆಗೇ ನುಗ್ಗುವ ಸಂಗತಿ ಆ ಕೆಲಸದಲ್ಲಿ ದಾಖಲಾಯಿತು. ಆ ಕಾಲದಲ್ಲಿ ಆಲ್ಟರ್ನೇಟಿಂಗ್ ಕರೆಂಟೇ ಹೊಸದು, ಅದರ ಒಂದು ಆವರ್ತವನ್ನು ಕಣ್ಣಾರೆ ನೋಡುವ ಸುಲಭದ ಉಪಕರಣ ಇರಲಿಲ್ಲ. ಅದೇ ಫ್ಲೆಮಿಂಗ್ 1904ರಲ್ಲಿ ಡಯೋಡ್ ವಾಲ್ವ್ ಮಾಡಿದರು. ಮುಂದೆ ಆಂಪ್ಲಿಫೈಯರ್ ಎಂಬ ವಸ್ತು ಹುಟ್ಟಿದ್ದು ಆ ವಾಲ್ವಿನ ವಂಶದಲ್ಲಿ. ಹಾಗೆ ನೋಡಿದರೆ ಸಂಘದ ಪೆಟ್ಟಿಗೆಯ ಹಾಡಿಗೂ ಅದರ ರೋಗನಿದಾನಕ್ಕೂ ಒಬ್ಬರೇ ಅಜ್ಜ.

ಆ ಪ್ರಬಂಧಕ್ಕೆ ಹತ್ತು ವರ್ಷ ತುಂಬುವ ಹೊತ್ತಿಗೆ, 1902ರಲ್ಲಿ, ಶಿವನಸಮುದ್ರದ ಕರೆಂಟ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯುತ್ತಿತ್ತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ಟ್ರಾನ್ಸ್‌ಫಾರ್ಮರ್ ಇಲ್ಲದೆ ಇದ್ಯಾವುದೂ ಆಗುವಂತಿರಲಿಲ್ಲ. ಅವು ದೊಡ್ಡದಾಗುತ್ತ ಹೋದಂತೆ ಈ ನುಗ್ಗಾಟ ಬೇರೆ ತೊಂದರೆ ತಂದಿತು. ಸಬ್‌ಸ್ಟೇಷನ್ನಿನ ರಿಲೇಗೆ ಇದು ಟ್ರಾನ್ಸ್‌ಫಾರ್ಮರಿನ ಒಳಗೇ ಶಾರ್ಟ್ ಆದಂತೆ ಕಾಣುತ್ತದೆ, ಏನೂ ಆಗದಿದ್ದರೂ ಲೈನ್ ಕಡಿದುಬಿಡುತ್ತದೆ. ನಮ್ಮ ಅಂಗಡಿಯವರು "ಡೆಡ್ ಶಾರ್ಟ್" ಎಂದದ್ದು ಅದೇ ತೀರ್ಪು. ಇನ್‌ರಶ್ ಕರೆಂಟ್ ಒಂದೇ ದಿಕ್ಕಿಗೆ ವಾಲಿದ ಅಲೆ, ಅದರಲ್ಲಿ ಎರಡನೇ ಹಾರ್ಮೋನಿಕ್, ಅಂದರೆ ನಮ್ಮಲ್ಲಿ 100 ಹರ್ಟ್ಸ್, ದಟ್ಟವಾಗಿರುತ್ತದೆ. ನಿಜವಾದ ಶಾರ್ಟಿನಲ್ಲಿ ಹಾಗಿರುವುದಿಲ್ಲ. ಈ ಗುರುತನ್ನು ಹಿಡಿದು ಎರಡನ್ನೂ ಬೇರ್ಪಡಿಸುವ ರಿಲೇಯನ್ನು ಕೆನಡಿ ಮತ್ತು ಹೇವರ್ಡ್ ಎಂಬಿಬ್ಬರು ಅಮೆರಿಕದಲ್ಲಿ 1938ರಲ್ಲಿ ವಿವರಿಸಿದರು. ಇವತ್ತಿಗೂ ದೊಡ್ಡ ಟ್ರಾನ್ಸ್‌ಫಾರ್ಮರುಗಳ ಕಾವಲಿಗೆ ಆ ಉಪಾಯವೇ ಬಳಕೆಯಲ್ಲಿದೆ.

ಟೊರಾಯ್ಡಲ್‌ಗೇ ಈ ಚಾಳಿ ಏಕೆ ಜಾಸ್ತಿ ಎಂದು ಅಂಗಡಿಯವರು ಕೇಳಿದರು. ಹಳೆಯ ಇಐ ಕೋರ್ ತಗಡಿನ ತುಂಡುಗಳನ್ನು ಜೋಡಿಸಿ ಮಾಡಿದ್ದು, ಜೋಡಣೆಯ ಸಂದಿನಲ್ಲಿ ಕೂದಲೆಳೆಯಷ್ಟು ಗಾಳಿ ಇರುತ್ತದೆ. ಆರಿಸಿದ ಮೇಲೆ ಅದರಲ್ಲಿ ಕಾಂತತ್ವ ಹೆಚ್ಚು ಉಳಿಯುವುದಿಲ್ಲ. ಉಂಗುರವನ್ನು ಒಂದೇ ಪಟ್ಟಿಯಿಂದ ಸಂದಿಲ್ಲದೆ ಸುತ್ತಿರುತ್ತಾರೆ. ಆರಿಸಿದ ಕ್ಷಣದಲ್ಲಿ ಎಷ್ಟಿತ್ತೋ ಅದರಲ್ಲಿ ಬಹುಪಾಲನ್ನು ಹಾಗೇ ಇಟ್ಟುಕೊಳ್ಳುತ್ತದೆ. ಮೇಲಾಗಿ 1934ರಲ್ಲಿ ನಾರ್ಮನ್ ಗಾಸ್ ಪೇಟೆಂಟ್ ಪಡೆದ ವಿಧಾನದಿಂದ ಬಂದ ಉಕ್ಕಿನ ತಗಡು ಎಷ್ಟು ಚೆನ್ನಾಗಿದೆಯೆಂದರೆ ತಯಾರಕರು ಅದನ್ನು 1.6, 1.7 ಟೆಸ್ಲಾವರೆಗೂ ದುಡಿಸುತ್ತಾರೆ. 2 ಟೆಸ್ಲಾ ಹೊತ್ತಿಗೆ ಅದು ಕೈಚೆಲ್ಲುತ್ತದೆ. ಹೆಚ್ಚುವರಿಗೆ ಜಾಗವೇ ಇಲ್ಲ. ಒಳ್ಳೆಯ ಟ್ರಾನ್ಸ್‌ಫಾರ್ಮರ್ ಆದಷ್ಟೂ ಹಚ್ಚುವಾಗಿನ ಗುದ್ದು ಜೋರು ಎಂಬುದು ನನಗೆ ಈ ಇಡೀ ಪ್ರಕರಣದಲ್ಲಿ ತೀರಾ ರುಚಿಸಿದ ಸಂಗತಿ.

ಇಷ್ಟಾದರೂ ಒಂದು ಪ್ರಶ್ನೆ ಬಾಕಿ ಇತ್ತು. ಈ ಪೆಟ್ಟಿಗೆ ವರ್ಷಗಟ್ಟಲೆ ಹಾಡಿದ್ದೇ ಅಲ್ಲವೇ, ಈಗೇನಾಯಿತು? ಉತ್ತರ ಬೀಡಾ ಡಬ್ಬಿಯಲ್ಲೇ ಇತ್ತು. ಹಿರಿಯರು ಕನ್ನಡಕ ಹಣೆಗೇರಿಸಿ, ಸುಟ್ಟ ಫ್ಯೂಸಿನ ಲೋಹದ ಟೊಪ್ಪಿಯನ್ನು ಕಣ್ಣ ಹತ್ತಿರ ಹಿಡಿದು, ತಿರುಗಿಸಿ ತಿರುಗಿಸಿ ಓದಿದರು. ಕೊರೆದ ಅಕ್ಷರ ಇರುವೆಯಷ್ಟು ಸಣ್ಣದು: ಎಫ್ 3.15 ಎ 250 ವಿ. ಪೆಟ್ಟಿಗೆಯ ಹಿಂಬದಿಯಲ್ಲಿ ಫ್ಯೂಸ್ ಹೋಲ್ಡರಿನ ಪಕ್ಕ ಮಾಸಿದ ಸ್ಕ್ರೀನ್ ಪ್ರಿಂಟಿನಲ್ಲಿ ಟಿ 3.15 ಎ ಎಂದಿತ್ತು. ಆಂಪಿಯರ್ ಒಂದೇ, ಅಕ್ಷರ ಬೇರೆ. ಎಫ್ ಎಂದರೆ ಬೇಗ ಹೋಗುವ ಫ್ಯೂಸ್, ಟಿ ಎಂದರೆ ತಡೆದು ಹೋಗುವ ಫ್ಯೂಸ್. ಮೂಲ ಫ್ಯೂಸ್ ಎಂದೋ ಹಳತಾಗಿ ಹೋಗಿದೆ. ಹುಡುಗರು ಅಂಗಡಿಯಲ್ಲಿ "ಮೂರು ಆಂಪಿಯರ್ ಗ್ಲಾಸ್ ಫ್ಯೂಸ್" ಕೇಳಿದ್ದಾರೆ, ಸಿಕ್ಕಿದ್ದನ್ನು ಡಜನ್‌ಗಟ್ಟಲೆ ತಂದಿದ್ದಾರೆ.

ಫ್ಯೂಸನ್ನು ನಾವು ಕರೆಂಟಿನ ಪ್ರಮಾಣಕ್ಕೆ ಕೂರಿಸಿದ ಕಾವಲುಗಾರ ಎಂದುಕೊಂಡಿದ್ದೇವೆ. ಮೊದಲ ದಿನಗಳಲ್ಲಿ ಹಾಗೆಯೇ ಇತ್ತು. ಎಡಿಸನ್ 1880ರಲ್ಲಿ ಪೇಟೆಂಟ್ ಪಡೆದದ್ದು ಮಿತಿ ಮೀರಿದಾಗ ಕರಗುವ ಒಂದು ತುಂಡು ತಂತಿಗೆ. ಬ್ರಿಟಿಷ್ ಅಂಚೆ ಇಲಾಖೆಯ ಇಂಜಿನಿಯರ್ ವಿಲಿಯಂ ಪ್ರೀಸ್ ಅದೇ ದಶಕದಲ್ಲಿ ಬೇರೆಬೇರೆ ತಂತಿಗಳನ್ನು ಕರಗಿಸಿ ನೋಡಿ ಒಂದು ಸೂತ್ರ ಕೊಟ್ಟರು. ಅದರ ಪ್ರಕಾರ 0.2 ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಸುಮಾರು 7 ಆಂಪಿಯರಿಗೆ ಕರಗುತ್ತದೆ. ಆ ಸೂತ್ರದಲ್ಲಿ ಕಾಲದ ಮಾತೇ ಇಲ್ಲ. ಕ್ಷಣಮಾತ್ರದ ಹೊಡೆತಕ್ಕೆ ಲೆಕ್ಕ ಬೇರೆ, ಕರೆಂಟಿನ ವರ್ಗವನ್ನು ಕಾಲದಿಂದ ಗುಣಿಸಬೇಕು. ಈಗಿನ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ, ನಮೂದಾದದ್ದಕ್ಕಿಂತ ಹತ್ತುಪಟ್ಟು ಕರೆಂಟ್ ಹರಿದರೆ ಇಂಥ ಎಫ್ ಗಾಜಿನ ಫ್ಯೂಸ್ 20 ಮಿಲಿಸೆಕೆಂಡಿನೊಳಗೆ ಹೋಗಲೇಬೇಕು. ಟಿ ಫ್ಯೂಸ್ ಕನಿಷ್ಠ 20 ಮಿಲಿಸೆಕೆಂಡ್ ತಾಳಲೇಬೇಕು. 20 ಮಿಲಿಸೆಕೆಂಡ್ ಎಂದರೆ ನಮ್ಮ ಕರೆಂಟಿನ ಸರಿಯಾಗಿ ಒಂದು ಆವರ್ತ. ಇನ್‌ರಶ್‌ನ ಅಬ್ಬರ ಅತಿ ಜೋರಾಗಿರುವುದೂ ಆ ಮೊದಲ ಆವರ್ತದಲ್ಲೇ.

ಇನ್ನೊಂದು ಸಣ್ಣ ಕಾರಣವೂ ಸಿಕ್ಕಿತು. ಸಮುದಾಯ ಭವನಕ್ಕೆ ಹೊಸದಾಗಿ ವೈರಿಂಗ್ ಮಾಡಿಸಿದ್ದರು, ಹಳೆಯ ತೆಳು ವೈರಿನ ಜಾಗದಲ್ಲಿ ದಪ್ಪ ತಾಮ್ರ ಬಂದಿತ್ತು. ಹಳೆಯ ವೈರು, ಸಡಿಲ ಜಾಯಿಂಟುಗಳು ಒಂದಿಷ್ಟು ತಡೆ ಒಡ್ಡುತ್ತಿದ್ದವು, ಈಗ ಅದೂ ಇಲ್ಲ. ಹಿರಿಯರು ವೈರಿಂಗಿಗೇ ಹೆಚ್ಚು ತೂಕ ಕೊಟ್ಟರು. ನನಗೆ ಹಾಗನ್ನಿಸಲಿಲ್ಲ. ಸುರುಳಿಯಲ್ಲೇ ಎರಡೂವರೆ ಓಮ್ ಇರುವಾಗ ವೈರಿನ ಅರ್ಧ ಓಮಿನ ಆಟ ಅಷ್ಟಕ್ಕಷ್ಟೇ. ಮುಖ್ಯ ಅಪರಾಧಿ ಆ ಎಫ್ ಅಕ್ಷರ.

ಸೀರೀಸ್ ಬೋರ್ಡ್ ಯಾಕೆ ಮೋಸ ಮಾಡಿತು ಎಂಬುದು ಈಗ ಹೊಳೆಯಿತು. ತಣ್ಣಗಿರುವ 100 ವಾಟ್ ಬಲ್ಬಿನ ತಂತಿಗೆ ನಲವತ್ತು ಓಮಿನ ಆಸುಪಾಸು ರೆಸಿಸ್ಟೆನ್ಸ್ ಇದೆ, ಕಾದಂತೆ ಅದು ಇನ್ನೂ ಏರುತ್ತದೆ. ಆ ತಡೆ ದಾರಿಯಲ್ಲಿ ಕೂತಿರುವಾಗ ಎಂಟು ಆಂಪಿಯರಿಗಿಂತ ಹೆಚ್ಚು ಹರಿಯಲು ಸಾಧ್ಯವೇ ಇಲ್ಲ. ರೋಗ ಹುಡುಕಲು ತಂದ ಬಲ್ಬು ರೋಗಕ್ಕೆ ಮದ್ದೂ ಆಗಿತ್ತು, ಹಾಗಾಗಿ ಅದರ ಮುಂದೆ ರೋಗ ಕಾಣಿಸಿಕೊಳ್ಳುವಂತೆಯೇ ಇರಲಿಲ್ಲ. ಅಂಗಡಿಯವರು ಇದನ್ನು ಕೇಳಿ ಜೋರಾಗಿ ನಕ್ಕು, "ಹಂಗಾದ್ರೆ ಬಲ್ಬನ್ನೇ ಒಳಗಿಡೋಣ ಬಿಡಿ ಸಾರ್" ಎಂದರು.

ಮಾಡಿದ್ದೂ ಅದನ್ನೇ, ಬಲ್ಬಿನ ಬದಲು 47 ಓಮಿನ 10 ವಾಟ್ ಸಿಮೆಂಟ್ ರೆಸಿಸ್ಟರ್. ಸ್ವಿಚ್ ಹಾಕಿದಾಗ ಕರೆಂಟ್ ಮೊದಲು ಅದರ ಮೂಲಕ ಹೋಗುತ್ತದೆ, ಎಷ್ಟೇ ಕೆಟ್ಟ ಗಳಿಗೆಯಲ್ಲೂ 7 ಆಂಪಿಯರ್ ಮೀರುವುದಿಲ್ಲ. ಅರ್ಧ ಸೆಕೆಂಡಿನ ನಂತರ ಒಂದು ರಿಲೇ ಟಕ್ ಎಂದು ಅದನ್ನು ಬೈಪಾಸ್ ಮಾಡುತ್ತದೆ. ಜೊತೆಗೆ ಎಸ್.ಪಿ. ರಸ್ತೆಯಿಂದ ಟಿ ಫ್ಯೂಸುಗಳ ಒಂದು ಪೊಟ್ಟಣ. ಬರೀ ಟಿ ಫ್ಯೂಸ್ ಹಾಕಿ ಬಿಟ್ಟಿದ್ದರೂ ಬಹುಶಃ ನಡೆಯುತ್ತಿತ್ತು. ಆದರೆ ರಾಜ್ಯೋತ್ಸವದ ರಾತ್ರಿ ಬಹುಶಃ ಎಂಬ ಮಾತನ್ನು ನಂಬಲು ಯಾರೂ ತಯಾರಿರಲಿಲ್ಲ.

ಎಲ್ಲ ಕೂರಿಸಿ, ಹುಡುಗರು ಪೆಟ್ಟಿಗೆಗೆ ಕೈಹಾಕುವ ಹೊತ್ತಿಗೆ ಹಿರಿಯರು ತಡೆದರು.

"ರಿಲೇಗೆ ಸಪ್ಲೈ ಎಲ್ಲಿಂದ ತಗೊಂಡಿದೀಯಪ್ಪ?"

"ಫಿಲ್ಟರ್ ಕೆಪಾಸಿಟರಿಂದ ಸಾರ್. ಅಲ್ಲಿ ಡಿಸಿ ರೆಡಿ ಇದೆಯಲ್ಲ."

"ಅದು ಖಾಲಿ ಆಗೋಕೆ ಎಷ್ಟು ಹೊತ್ತು ಬೇಕು? ಕರೆಂಟ್ ಹೋಗಿ ಕಣ್ಣು ಮುಚ್ಚಿ ಬಿಡೋದ್ರಲ್ಲಿ ಬಂದ್ರೆ?"

ಅಂಗಡಿಯವರು ತಲೆ ಕೆರೆದುಕೊಂಡರು. ಆ ದೊಡ್ಡ ಕೆಪಾಸಿಟರುಗಳು ಕರೆಂಟ್ ಹೋದ ಮೇಲೂ ಕೆಲವು ಸೆಕೆಂಡ್ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತವೆ. ಅಷ್ಟು ಹೊತ್ತೂ ರಿಲೇ ಬಿಡುವುದಿಲ್ಲ. ಆ ನಡುವೆ ಕರೆಂಟ್ ವಾಪಸ್ ಬಂದರೆ ರೆಸಿಸ್ಟರ್ ದಾರಿಯಲ್ಲೇ ಇರುವುದಿಲ್ಲ, ಎಲ್ಲ ಮೊದಲಿನಂತೆ. ಬೆಂಗಳೂರಿನಲ್ಲಿ ಕರೆಂಟ್ ಹೋಗುವ ಶೈಲಿಯೇ ಅದಲ್ಲವೇ, ಹೋಗಿ ಬಂದು ಹೋಗಿ ಬಂದು. ಸೆಕೆಂಡರಿಯಿಂದ ಬೇರೆಯೇ ಒಂದು ಡಯೋಡ್ ಎಳೆದು, 100 ಮೈಕ್ರೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಹಾಕಿ, ರಿಲೇಯನ್ನು ಅದಕ್ಕೆ ಜೋಡಿಸಿದರು. ಕರೆಂಟ್ ಹೋದ ಕೂಡಲೇ ಅದು ಬರಿದಾಗುತ್ತದೆ, ರಿಲೇ ಬಿಡುತ್ತದೆ. ಹಿರಿಯರು ತಾವೇ ಸ್ವಿಚ್ ಹಿಡಿದು ಪಟಪಟನೆ ಹಾಕಿ ತೆಗೆದರು. ಪ್ರತಿ ಸಲವೂ ಉಂಗುರ ಮೆಲ್ಲಗೆ ಗುಂಯ್‌ಗುಟ್ಟಿ, ಅರ್ಧ ಸೆಕೆಂಡಿಗೆ ರಿಲೇ ಟಕ್ಕೆಂದಿತು. ಟ್ಯೂಬ್‌ಲೈಟ್ ಮಿಟುಕಲಿಲ್ಲ. "ಈಗ ತಗೊಂಡು ಹೋಗ್ರಪ್ಪ" ಎಂದು, ಬಂದ ಕೆಲಸ ನೆನಪಾಗಿ, ಎರಡು ಸೆಲ್ ಕೊಡಲು ಹೇಳಿದರು.